ಕಾರಣವಿಲ್ಲದ ನಿಲುಗಡೆ

ಡ್ರೈವರ್ ಇಲ್ಲದ ಗಾಡಿಯನ್ನು ಕಾಯುವುದು ನನ್ನ ಹೊಸ ಕೆಲಸ ಎಂದು ಹೇಳಿದಾಗ ನಮ್ಮವ್ವ ಫೋನಿನಲ್ಲಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡಳು. ನಾನು ಕಲಬುರಗಿಯಿಂದ ಹೈದರಾಬಾದಿಗೆ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾಯಿತು. ಇಲ್ಲಿ ನಾನು ಮಾಡಿದ ಯಾವ ಕೆಲಸವೂ ಅವಳಿಗೆ ಇವತ್ತಿನವರೆಗೂ ಸರಿಯಾಗಿ ತಿಳಿದಿಲ್ಲ.

“ಡ್ರೈವರ್ ಇಲ್ಲಂತಿ. ಮತ್ತ ಒಳಗ ಒಬ್ರು ಕುಂತಿರ್ತಾರಂತಿ. ಅವ್ರು ಯಾರು?”

“ಅವ್ರು ಡ್ರೈವರ್ ಅಲ್ಲಬೇ. ಸುಮ್ನ ಕುಂತಿರ್ತಾರ. ಏನರೆ ಹೆಚ್ಚುಕಮ್ಮಿ ಆದ್ರ ಗಾಡಿ ನಿಂದ್ರಸಾಕ.”

“ಮತ್ತ ನೀ?”

“ನಾ ಆಫೀಸಿನ್ಯಾಗ ಕುಂತು ಗಾಡಿ ಸುರಳೀತ ಓಡಾಕತ್ತೈತೋ ಇಲ್ಲೋ ನೋಡ್ತೀನಿ.”

“ಅಂದ್ರ ಒಬ್ಬ ಮನಷ್ಯಾ ಓಡಸೋ ಗಾಡಿಗೆ ಈಗ ಇಬ್ಬರನ್ನ ಇಟ್ಟಾರ. ಆಗ್ಲಿ ಬಿಡು, ಇಬ್ಬರ ಹೊಟ್ಟಿ ತುಂಬತೈತಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಫೋನಿಟ್ಟ ಮೇಲೆ ಗಂಡನ ಮುಂದೆ ಅರ್ಧ ತಾಸು ಕೂಗಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ನಿಮ್ಮವ್ವ ಹೇಳಿದ್ರಾಗ ತಪ್ಪೇನೈತಿ?” ಅಂದರು. ಆ ದಿನ ಅವರಿಗೆ ಸಂಜೆಯ ಚಹಾ ಸಿಗಲಿಲ್ಲ.

ಆದರೆ ಗಾಡಿಯನ್ನು ನೋಡಿದ ಮೊದಲ ದಿನ ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಊರ ಹೊರಗಿನ ಒಂದು ದೊಡ್ಡ ಕ್ಯಾಂಪಸ್ಸಿನಲ್ಲಿ, ಮುಖ್ಯ ಗೇಟಿನಿಂದ ಹಾಸ್ಟೆಲ್‌ಗಳವರೆಗೆ ಪ್ರಯೋಗಕ್ಕೆಂದು ಓಡುವ ಎಂಟು ಸೀಟಿನ ಬಿಳಿ ಗಾಡಿ ಅದು. ಸ್ಟಿಯರಿಂಗ್ ಇಲ್ಲ, ಪೆಡಲ್ ಇಲ್ಲ. ದೊಡ್ಡ ಟಿಫಿನ್ ಡಬ್ಬಿಗೆ ಯಾರೋ ಚಕ್ರ ಹಚ್ಚಿ ಬಿಟ್ಟಂತೆ ಕಾಣುತ್ತಿತ್ತು. ಅಷ್ಟು ಪುಕ್ಕಲು ಗಾಡಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ರಸ್ತೆ ಬದಿಯ ನಾಯಿ ಎದ್ದು ಮೈ ಮುರಿದರೆ ನಿಲ್ಲುತ್ತಿತ್ತು. ಗಾಳಿಗೆ ಹಾರಿ ಬಂದ ದುಪಟ್ಟಾ ಕಂಡರೆ ನಿಲ್ಲುತ್ತಿತ್ತು. ಒಮ್ಮೆ ನವಿಲೊಂದು ನಡುರಸ್ತೆಯಲ್ಲಿ ಗರಿ ಬಿಚ್ಚಿ ನಿಂತಾಗ ನನ್ನ ಪರದೆಯ ಮೇಲೆ ‘ಮುಂದೆ ಗೋಡೆ ಇದೆ’ ಎಂದು ಬಂತು. ಗೋಡೆ ಕುಣಿಯುತ್ತಿದೆ ಎಂದು ನಾನು ಅದಕ್ಕೆ ಹೇಗೆ ತಿಳಿಸಲಿ?

ನನ್ನ ಮುಂದೆ ಮೂರು ಪರದೆಗಳಿದ್ದವು. ಒಂದರಲ್ಲಿ ಗಾಡಿಯ ಕಣ್ಣಿಗೆ ಕಾಣುವ ರಸ್ತೆ, ಇನ್ನೊಂದರಲ್ಲಿ ನಕಾಶೆ, ಮೂರನೆಯದರಲ್ಲಿ ಬ್ಯಾಟರಿ, ವೇಗ, ಬಾಗಿಲು, ಬ್ರೇಕು ಎಂದು ಸಾಲಾಗಿ ದೀಪಗಳು. ಹಸಿರಿದ್ದರೆ ಕ್ಷೇಮ, ಹಳದಿಯಾದರೆ ಹುಷಾರು, ಕೆಂಪಾದರೆ ಗಾಡಿ ನಿಂತಿದೆ ಎಂದರ್ಥ. ನಿಂತಾಗಲೆಲ್ಲ ಯಾಕೆ ನಿಂತಿತು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಾಯಿ, ನವಿಲು, ಮಳೆನೀರು, ಗಾಡಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ವಿದ್ಯಾರ್ಥಿನಿಯರು. ಎಲ್ಲಕ್ಕೂ ಒಂದೊಂದು ಕಾಲಂ. ಕಟ್ಟಕಡೆಯ ಕಾಲಂ ‘ಕಾರಣವಿಲ್ಲದ ನಿಲುಗಡೆ’. ಅದು ಖಾಲಿ ಇದ್ದಷ್ಟೂ ಒಳ್ಳೆಯದು. ಗಾಡಿಗೆ ಹೊರಗಿನ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಪರವಾನಗಿ ಸಿಗುವುದು ಆ ಕಾಲಂ ನೋಡಿಯೇ.

ಒಳಗೆ ಕೂರುತ್ತಿದ್ದವರನ್ನು ನಾನು ಡ್ರೈವರಣ್ಣ ಎಂದು ಕರೆಯುತ್ತೇನೆ, ಡ್ರೈವರ್ ಇಲ್ಲದ ಗಾಡಿಯಲ್ಲಿ. ಪಟಾನ್‌ಚೆರುವಿನ ಕಡೆಯವರು, ತೆಲುಗಿನವರು, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ರಿಟೈರ್ ಆದವರು. ಮುಂದಿನ ಸೀಟಿನಲ್ಲಿ ಕೂತು, ಎದುರಿನ ಕೆಂಪು ಗುಂಡಿಯನ್ನು ಬೇಕಾದಾಗ ಒತ್ತುವುದೊಂದೇ ಅವರ ಕೆಲಸ. ಪಾಪ, ಆ ಕೈಗಳಿಗೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ತಿರುವು ಬಂದರೆ ಬರಿಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ನಾಯಿ ಅಡ್ಡ ಬಂದರೆ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿತ್ತು. ಗಾಡಿಯೊಳಗಿನ ಕ್ಯಾಮೆರಾದಲ್ಲಿ ಇದನ್ನೆಲ್ಲ ನೋಡಿ ನಾನು ಒಬ್ಬಳೇ ಕೂತು ನಗುತ್ತಿದ್ದೆ.

ಅವರಿಗೆ ತರಬೇತಿ ಕೊಟ್ಟವಳೂ ನಾನೇ. ಅದಕ್ಕೂ ಮುಂಚೆ ಒಂದು ಶಾಲಾ ಬಸ್ಸುಗಳ ಆಫೀಸಿನಲ್ಲಿ ಹತ್ತು ವರ್ಷ ಕೂತು, ಯಾವ ಬಸ್ಸು ಎಲ್ಲಿದೆ ಎಂದು ತಾಯಂದಿರಿಗೆ ಉತ್ತರ ಕೊಟ್ಟವಳು. ಶಿಸ್ತೆಂದರೆ ನನ್ನಿಂದ ಕಲಿಯಬೇಕು ಎಂಬ ಜಂಬ ನನಗೆ. ಮೊದಲ ದಿನವೇ ಬೆರಳೆತ್ತಿ ತೆಲುಗಿನಲ್ಲಿ ಪಾಠ ಮಾಡಿದೆ: ವಾಕಿಟಾಕಿಯಲ್ಲಿ ನಾನು ನಿಲ್ಲಿಸಿ ಅಂದರೆ ಮೊದಲು ಗುಂಡಿ ಒತ್ತಬೇಕು, ಆಮೇಲೆ ಯಾಕೆಂದು ಕೇಳಬೇಕು. ನಿಮಗೆ ಕಾಣದ್ದು ನನಗೆ ಕಾಣುತ್ತಿರುತ್ತದೆ. ಯೋಚನೆ ಮಾಡುತ್ತ ಕೂತರೆ ಯಾರದೋ ಜೀವ ಹೋಗುತ್ತದೆ. ಮೂವತ್ತು ವರ್ಷ ಹೈದರಾಬಾದಿನ ರಸ್ತೆಯಲ್ಲಿ ಬಸ್ಸು ಓಡಿಸಿದವರಿಗೆ ನಾನು ಇದನ್ನು ಹೇಳಿದೆ. ಅವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದರು.

ಮೊದಲ ತಿಂಗಳು ಎಲ್ಲ ಸುಸೂತ್ರ. ಹೇಳಿಕೊಟ್ಟ ಹಾಗೆ ನಾನು ‘ಓಕೆ, ಓಕೆ’ ಎನ್ನುತ್ತಿದ್ದೆ, ಅವರೂ ಹಾಗೇ. ಆಮೇಲೆ ಸಲಿಗೆ ಬೆಳೆಯಿತು. ನಾನು ಊಟಕ್ಕೆ ಜೋಳದ ರೊಟ್ಟಿ ತಂದರೆ ಅವರಿಗೊಂದು ಇಡುತ್ತಿದ್ದೆ, ಅವರು ಮನೆಯಿಂದ ಗೋಂಗೂರ ಪಚ್ಚಡಿ ತರುತ್ತಿದ್ದರು. “ಗೇಟು ದಾಟಿನಂ ಮೇಡಂ,” “ಮಲುಪು ದಗ್ಗರ ಉನ್ನಂ ಮೇಡಂ,” ಎಂದು ಗೇಟು ದಾಟಿದ್ದು, ತಿರುವಿನ ಹತ್ತಿರ ಬಂದದ್ದು ಎಲ್ಲವನ್ನೂ ವಾಕಿಟಾಕಿಯಲ್ಲಿ ಹೇಳುತ್ತಿದ್ದರು. ನಾನೂ ಮನೆಯವರೊಡನೆ ಮಾತಾಡುವಂತೆ ಆರಾಮಾಗಿ ಉತ್ತರ ಕೊಡುತ್ತಿದ್ದೆ.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಗಾಡಿ ಲೈಬ್ರರಿಯ ಮುಂದೆ ಗಕ್ಕನೆ ನಿಂತಿತು. ದೀಪ ಕೆಂಪಾಯಿತು. ಪರದೆ ನೋಡಿದರೆ ರಸ್ತೆ ಖಾಲಿ. ನಾಯಿ ಇಲ್ಲ, ನವಿಲಿಲ್ಲ, ಒಂದು ಎಲೆಯೂ ಇಲ್ಲ. ಯಂತ್ರದ ಲೆಕ್ಕದ ಪ್ರಕಾರ ಕೆಂಪು ಗುಂಡಿ ಒತ್ತಿದ್ದು ಡ್ರೈವರಣ್ಣ.

“ಯಾಕೆ ನಿಲ್ಲಿಸಿದಿರಿ?” ಎಂದು ಕೇಳಿದೆ.

ಅವರು ಕ್ಯಾಮೆರಾದ ಕಡೆ ಕತ್ತೆತ್ತಿ ನೋಡಿದರು. ಆಮೇಲೆ, “ಏನೂ ಇಲ್ಲ ಮೇಡಂ, ಹೊರಡ್ತೀನಿ,” ಎಂದು ತೆಲುಗಿನಲ್ಲಿ ಹೇಳಿ ಗಾಡಿ ಬಿಟ್ಟರು.

ನಾನು ಕಡೆಯ ಕಾಲಂನಲ್ಲಿ ಒಂದು ಗೀಟು ಎಳೆದೆ. ಎರಡು ದಿನ ಬಿಟ್ಟು ಇನ್ನೊಂದು. ಆ ವಾರ ಮುಗಿಯುವಷ್ಟರಲ್ಲಿ ಮತ್ತೊಂದು. ಮೂರು ವಾರದಲ್ಲಿ ಏಳು ಗೀಟು, ಏಳೂ ನನ್ನ ಮಧ್ಯಾಹ್ನದ ಪಾಳಿಯಲ್ಲಿ. ಬೆಳಿಗ್ಗೆ ನನ್ನ ಜಾಗದಲ್ಲಿ ಕೂರುವವರ ಪಾಳಿಯಲ್ಲಿ ಒಂದೂ ಇಲ್ಲ. ಊಟವಾದ ಮೇಲೆ ತೂಕಡಿಸುತ್ತಾರೆ, ಎಚ್ಚರಾದಾಗ ಗಾಬರಿಯಲ್ಲಿ ಗುಂಡಿ ಒತ್ತುತ್ತಾರೆ ಎಂದು ನಾನೇ ತೀರ್ಮಾನಿಸಿದೆ. ತೀರ್ಮಾನ ಮಾಡುವುದರಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ. ಮರುದಿನದಿಂದ ರೊಟ್ಟಿ ಕೊಡುವುದನ್ನೂ ನಿಲ್ಲಿಸಿದೆ, ಹೊಟ್ಟೆ ಹಗುರಾಗಿರಲಿ ಎಂದು.

ನಮ್ಮ ಮುಖ್ಯಸ್ಥೆ ಕೊಂಡಾಪುರದಿಂದ ಬರುವ ಇಂಜಿನಿಯರು, ನನ್ನ ಮಗಳ ವಯಸ್ಸಿನವಳು. ಹಿಂದಿ ಬಿಟ್ಟರೆ ಇಂಗ್ಲಿಷು ಅಷ್ಟೇ. ತೆಲುಗು ಒಂದಕ್ಷರವೂ ಬಾರದು. ಏಳನೆಯ ಗೀಟು ಬಿದ್ದ ದಿನ ನಮ್ಮಿಬ್ಬರನ್ನೂ ಕರೆದು ಕೂರಿಸಿದಳು. ಏಳು ಸಲ ಯಾಕೆ ನಿಲ್ಲಿಸಿದಿರಿ ಎಂದು ಡ್ರೈವರಣ್ಣನನ್ನು ಹಿಂದಿಯಲ್ಲಿ ಕೇಳಿದಳು.

ಅವರು ನನ್ನ ಕಡೆ ನೋಡಿದರು. ನೋಡಿ, “ಮೇಡಂ ನೇ ಬೋಲಾ, ರುಕೋ,” ಅಂದರು. ಹೇಳಿದ್ದನ್ನು ನಾನೇ ಮರೆತಿರಬೇಕು, ಎತ್ತಿ ಆಡಿದರೆ ಮುಜುಗರವಾದೀತು ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲವಂತೆ.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಹೇಳಿದ್ದೆನೆ? ನಾನು? ಎದ್ದು ನಿಂತು, “ನಮ್ಮವ್ವನ ಆಣೆಗೂ ನಾನು ನಿಲ್ಲಿಸಿ ಅಂದಿಲ್ಲ, ಒಂದು ಸಲವೂ ಅಂದಿಲ್ಲ,” ಎಂದು ಹಿಂದಿಯಲ್ಲೂ ತೆಲುಗಿನಲ್ಲೂ ಎರಡೆರಡು ಸಲ ಹೇಳಿದೆ. ಮೇಜನ್ನೂ ಒಂದು ಸಲ ಗುದ್ದಿದೆ ಎಂದು ನೆನಪು. ವಾಕಿಟಾಕಿಯ ಮಾತುಗಳನ್ನು ಎಲ್ಲಿಯೂ ರೆಕಾರ್ಡ್ ಮಾಡಿಕೊಳ್ಳುತ್ತಿರಲಿಲ್ಲ, ಇದ್ದಿದ್ದರೆ ಅಲ್ಲಿಯೇ ಹಾಕಿಸಿ ಕೇಳಿಸುತ್ತಿದ್ದೆ.

ಡ್ರೈವರಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಅವರಿಗೆ ಗೊತ್ತಾಯಿತು, ಏಕೆಂದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖ ಮೆಲ್ಲಗೆ ಇಳಿಯಿತು.

“ನಾದೇ ಗಲ್ತಿ ಅಯ್ಯುಂಟದಿ ಮೇಡಂ,” ಅಂದರು. ತಪ್ಪು ನನ್ನದೇ ಇರಬೇಕು.

ಯಾರೂ ಹೇಳದ ಮಾತು ಕಿವಿಗೆ ಬೀಳುತ್ತಿದೆ ಎಂದರೆ ಕಿವಿಯಲ್ಲಿ ಏನೋ ದೋಷವಿರಬೇಕು ಎಂದು ಮುಖ್ಯಸ್ಥೆ ಅಂದಳು. ಮೂವತ್ತು ವರ್ಷ ಬಸ್ಸಿನ ಇಂಜಿನ್ನಿನ ಪಕ್ಕ ಕೂತವರು. ಕಿವಿ ಪರೀಕ್ಷೆಗೆ ಚೀಟಿ ಬರೆದು ಕೊಟ್ಟಳು. ಇನ್ನೊಂದೇ ಒಂದು ಸಲ ಹೀಗಾದರೆ ಬೇರೆಯವರನ್ನು ಹಾಕಬೇಕಾಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ತುಂಬ ಮೆತ್ತಗೆ ಹೇಳಿದಳು. ಡ್ರೈವರಣ್ಣ ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೋ, ನನ್ನ ಮೇಲಿನ ಕಳಂಕ ಹೋಯಿತಲ್ಲ ಎಂಬ ಸಮಾಧಾನ. ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಭಾನುವಾರ ಅವ್ವ ಮೊಣಕಾಲು ತೋರಿಸಲು ಕಲಬುರಗಿಯಿಂದ ಬಂದಳು. ಸಿಕಂದರಾಬಾದ್ ಸ್ಟೇಷನ್ನಿಂದ ತಾರ್ನಾಕದ ನಮ್ಮ ಮನೆಗೆ ಆಟೋ ಹಿಡಿದೆವು. ಮೆಟ್ಟುಗೂಡದ ಹತ್ತಿರ ಟ್ರಾಫಿಕ್ಕು ಜಾಮ್ ಆಗಿತ್ತು. ಆಟೋದವನು ಎಡಗಡೆಯ ಓಣಿಯ ಕಡೆ ಕೈ ತೋರಿಸಿ, ಹಿಂದೆ ತಿರುಗದೆ, “ಇಟು ಪೋದಾಮಾ ಅಮ್ಮಾ?” ಅಂದ. ನಾನು ಬಾಯಿ ತೆರೆಯುವುದರೊಳಗೆ ಅವ್ವ, ಕೈಯ ಅರ್ಥ ಹಿಡಿದು, ದೊಡ್ಡ ದನಿಯಲ್ಲಿ ಒಪ್ಪಿಗೆ ಕೊಟ್ಟಳು.

“ಆಗ್ಲಿ! ಆಗ್ಲಿ!”

ಆಟೋ ಕಿರ್ರೆಂದು ನಿಂತಿತು. ನನ್ನ ಹಣೆ ಮುಂದಿನ ಕಬ್ಬಿಣದ ಸರಳಿಗೆ ಬಡಿಯಿತು. ಅವ್ವನ ಚೀಲದೊಳಗಿನ ಶೇಂಗಾ ಹೋಳಿಗೆಯ ಡಬ್ಬಿ ಕೆಳಗುರುಳಿತು. ಹಿಂದಿದ್ದ ಬೈಕಿನವನು ನಮ್ಮ ಮೂರು ತಲೆಮಾರನ್ನೂ ನೆನೆದ.

“ಎಂದುಕಮ್ಮಾ ಆಗಮನ್ನರು?” ಎಂದು ಆಟೋದವನು ತಿರುಗಿ ರೇಗಿದ. ಯಾಕೆ ನಿಲ್ಲು ಅಂದಿರಿ?

“ಏನಂತ ಅಂವಗ? ನಾ ಆಗ್ಲಿ ಅಂದ್ನೆಲ್ಲ!” ಎಂದು ಅವ್ವ ನನ್ನ ಮೇಲೆ ರೇಗಿದಳು.

ನಾನು ಹಣೆ ಹಿಡಿದುಕೊಂಡು ಕೂತಲ್ಲೇ ಕೂತೆ. ತೆಲುಗಿನಲ್ಲಿ ಆಗು ಅಂದರೆ ನಿಲ್ಲು. ಇಪ್ಪತ್ತೈದು ವರ್ಷದಿಂದ ದಿನಕ್ಕೆ ಹತ್ತು ಸಲ ಆಟೋ ನಿಲ್ಲಿಸಲು, ಹಾಲಿನವನನ್ನು ನಿಲ್ಲಿಸಲು ನಾನೇ ಆಡುವ ಮಾತು. ಕನ್ನಡದ ಆಗ್ಲಿ ಮಾತ್ರ ನನಗೆ ಮಾತೇ ಅಲ್ಲ, ಅದು ಹೂಂ ಅಂದ ಹಾಗೆ, ಉಸಿರು ಬಿಟ್ಟ ಹಾಗೆ. ಎಷ್ಟೇ ತೆಲುಗು ಮಾತಾಡಿದರೂ ಮಾತಿನ ಬಾಲಕ್ಕೆ ಅದು ತಾನಾಗೇ ಅಂಟಿಕೊಂಡಿರುತ್ತಿತ್ತು. ಎದುರಿಗೆ ನಿಂತವರು ನನ್ನ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ವಾಕಿಟಾಕಿಗೆ ಮುಖವೆಲ್ಲಿದೆ? ಅವರು “ಮಲುಪು ದಗ್ಗರ ಉನ್ನಂ ಮೇಡಂ” ಎನ್ನುತ್ತಾರೆ, ಮಧ್ಯಾಹ್ನದ ಚಹಾ ಮೇಜಿಗೆ ಬರುತ್ತದೆ, ನಾನು ಆಗ್ಲಿ ಎನ್ನುತ್ತ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮಾತು ದಾಟಿಸುವ ವಾಕಿಟಾಕಿಯ ಗುಂಡಿಯಿಂದ ಬೆರಳು ತೆಗೆದು ಲೋಟಕ್ಕೆ ಕೈ ಚಾಚುತ್ತೇನೆ. ‘ಲಿ’ ನನ್ನ ಬಾಯಲ್ಲೇ ಉಳಿಯುತ್ತದೆ. ಅತ್ತ ಕಡೆ ಹೋಗಿ ಮುಟ್ಟುವುದು ಬರೀ ಆಗು.

“ಯವ್ವಾ, ನಾ ಎಂಥಾ ಕೆಲಸ ಮಾಡೀನಿ,” ಅಂದೆ.

“ಹೋಳಿಗಿ ಮುರದಾವೇನ ನೋಡು ಮೊದ್ಲ,” ಅಂದಳು ಅವ್ವ.

ಸೋಮವಾರ ನಾನು ಮುಖ್ಯಸ್ಥೆಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಹೇಳುವ ಮುಂಚೆ ಮೂರು ಸಲ ಬಾಗಿಲಿಂದ ವಾಪಸು ಬಂದೆ. ಮೇಜು ಗುದ್ದಿ ಆಣೆ ಹಾಕಿದ ಬಾಯಿಂದಲೇ ತಪ್ಪು ಒಪ್ಪಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಇಂಜಿನಿಯರಾದಳು. ಕೇವಲ ಊಹೆಯ ಮೇಲೆ ರಿಜಿಸ್ಟರ್ ತಿದ್ದಲು ಬರುವುದಿಲ್ಲ, ಪರೀಕ್ಷೆ ಮಾಡಿ ನೋಡೋಣ ಅಂದಳು. ಡ್ರೈವರಣ್ಣನಿಗೆ ಮುಂಚೆ ತಿಳಿಸಬಾರದು, ತಿಳಿಸಿದರೆ ಪರೀಕ್ಷೆ ಹೇಗಾಗುತ್ತದೆ?

“ಬ್ಯಾಡ,” ಅಂದೆ, ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ, ಅವರು ಹೆದರಿ ಕೂತಿದ್ದಾರೆ, ಹೀಗೆ ಮಾಡುವುದು ಬೇಡ ಅಂದೆ. ಬೇರೆ ದಾರಿ ಇದ್ದರೆ ಹೇಳಿ ಅಂದಳು. ನನ್ನ ಹತ್ತಿರ ಇರಲಿಲ್ಲ.

ಮಧ್ಯಾಹ್ನ ಗಾಡಿ ಹೊರಟಿತು. ದೀಪಗಳೆಲ್ಲ ಹಸಿರು. ಮುಖ್ಯಸ್ಥೆ ನನ್ನ ಹಿಂದೆ ನಿಂತಿದ್ದಳು. ಕ್ಯಾಮೆರಾದಲ್ಲಿ ಡ್ರೈವರಣ್ಣ ಕಾಣುತ್ತಿದ್ದರು. ಅವತ್ತು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿರಲಿಲ್ಲ. ವಾಕಿಟಾಕಿಯನ್ನು ಎಡಗಿವಿಗೆ ಒತ್ತಿ ಹಿಡಿದು, ಒಂದು ಮಾತೂ ತಪ್ಪಿಹೋಗದಿರಲಿ ಎನ್ನುವಂತೆ ಬಗ್ಗಿ ಕೂತಿದ್ದರು.

“ಲೈಬ್ರರಿ ದಗ್ಗರ ಉನ್ನಂ ಮೇಡಂ.”

“ಆಗ್ಲಿ,” ಅಂದೆ, ಅರ್ಧಕ್ಕೇ ಬೆರಳು ತೆಗೆದೆ.

ಅವರು ಕೆಂಪು ಗುಂಡಿಯ ಕಡೆ ನೋಡಿದರು. ಇನ್ನೊಂದು ಸಲ ಒತ್ತಿದರೆ ಕೆಲಸ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೇಡಂ ಹೇಳಿರಲಿಕ್ಕಿಲ್ಲ, ಕಿವಿಯ ಭ್ರಮೆ ಇರಬೇಕು ಎಂಬುದೂ ಗೊತ್ತಿತ್ತು. ಸುಮ್ಮನೆ ಕೂತಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರ ಕೈ ಎದ್ದಿತು, ಗುಂಡಿಯ ಮೇಲೆ ಬಿತ್ತು.

ದೀಪ ಕೆಂಪಾಯಿತು. ನನ್ನ ಹಿಂದೆ ಮುಖ್ಯಸ್ಥೆ “ಅರೇ,” ಎಂದಳು, ನಗಲಿಲ್ಲ.

“ಆಪಿನ ಮೇಡಂ,” ಎಂದರು ಡ್ರೈವರಣ್ಣ ವಾಕಿಟಾಕಿಯಲ್ಲಿ. ನಿಲ್ಲಿಸಿದೆ. ಇಷ್ಟು ದಿನದಲ್ಲಿ ಅಷ್ಟು ಸಣ್ಣ ದನಿ ಅವರದು ಕೇಳಿರಲಿಲ್ಲ.

ನಾನು ಪರದೆ, ಪಾಳಿ ಎಲ್ಲ ಬಿಟ್ಟು ಎದ್ದು ಓಡಿದೆ. ಐವತ್ತರ ಹೊಸ್ತಿಲಲ್ಲಿರುವ ಹೆಂಗಸು ಸೀರೆ ಎತ್ತಿ ಹಿಡಿದು ಲೈಬ್ರರಿಯವರೆಗೆ ಓಡಿದ್ದನ್ನು ಆ ಕ್ಯಾಂಪಸ್ಸಿನವರು ಇನ್ನೂ ಆಡಿಕೊಳ್ಳುತ್ತಾರೆ. ಗಾಡಿ ನನ್ನನ್ನು ನೋಡಿ ಅಡಚಣೆ ಎಂದು ಕಿಂಯ್ ಕಿಂಯ್ ಎನ್ನತೊಡಗಿತು. ಡ್ರೈವರಣ್ಣ ಇಳಿದು ನಿಂತಿದ್ದರು. ಆಗಲೇ ಜೇಬಿನಿಂದ ಆ ಚೀಟಿ ತೆಗೆದು ಕೈಯಲ್ಲಿ ಹಿಡಿದಿದ್ದರು.

“ಈಸಾರಿ ಮೀರು ಅನ್ನರಾ ಮೇಡಂ?” ಎಂದು ಕೇಳಿದರು. ಈ ಸಲ ನೀವು ಅಂದಿರಾ?

“ಅಂದೆ ಅಣ್ಣಾ. ಈ ಸಲವೂ ಅಂದೆ, ಆ ಏಳು ಸಲವೂ ನಾನೇ ಅಂದೆ. ನನಗೇ ಗೊತ್ತಿರಲಿಲ್ಲ,” ಅಂದೆ. ಏದುಸಿರಿನಲ್ಲಿ ಆಗ್ಲಿಯ ಕಥೆಯನ್ನೆಲ್ಲ ಹೇಳಿದೆ, ಅವ್ವನದು, ಆಟೋದ್ದು, ನನ್ನ ಹಣೆಯ ಬುಗುಟನ್ನೂ ತೋರಿಸಿದೆ. ತಪ್ಪಾಯಿತು ಅಂದೆ. ಬೈಯಲಿ, ನಗಲಿ, ಏನಾದರೂ ಅನ್ನಲಿ ಎಂದು ಕಾದೆ.

ಅವರು ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಹಾಗಾದರೆ ನನ್ನ ಕಿವಿ ಸರಿಯಾಗಿವೆಯಾ?” ಎಂದು ಮಾತ್ರ ಕೇಳಿದರು.

“ನನ್ನ ನಾಲಿಗೆಗಿಂತ ನಿಮ್ಮ ಕಿವಿ ನೂರು ಪಾಲು ಸರಿಯಾಗಿವೆ,” ಅಂದೆ.

ಆಗ ಅವರು ನನ್ನ ಕಡೆ ಬೆನ್ನು ತಿರುಗಿಸಿ ನಿಂತು ಮನೆಗೆ ಫೋನು ಹಚ್ಚಿದರು. ಆ ಕಡೆಯಿಂದ ಅವರ ಹೆಂಡತಿ ಕೂಗಿ ಮಾತಾಡುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಕಿವಿ ಹೋಗಿದೆ, ಜೋರಾಗಿ ಮಾತಾಡು ಎಂದು ಅವರೇ ಆಕೆಗೆ ಹೇಳಿಟ್ಟಿದ್ದರಂತೆ.

“ಇಗ ಒರ್ರಕು,” ಅಂದರು ಡ್ರೈವರಣ್ಣ. ಇನ್ನು ಕೂಗಬೇಡ. “ಮೆಲ್ಲಗ ಮಾಟ್ಲಾಡು. ಅನ್ನೀ ವಿನಬಡ್ತುನ್ನಯ್.”

ಮೆಲ್ಲಗೆ ಮಾತಾಡು, ಎಲ್ಲ ಕೇಳಿಸುತ್ತಿದೆ. ಫೋನಿನಲ್ಲಿ ಆಕೆ ಏನು ಹೇಳಿದಳೋ, ಆಮೇಲೆ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅವರು ಮಾತ್ರ ತುಂಬ ಹೊತ್ತು ಫೋನನ್ನು ಆ ಎಡಗಿವಿಗೇ ಹಿಡಿದುಕೊಂಡು ಹೂಂ, ಹೂಂ ಎನ್ನುತ್ತ ನಿಂತಿದ್ದರು.